ಕೇಳದೆ ಬಿಟ್ಟ ಪ್ರಶ್ನೆ

ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ಕೇಸು ಕೂಗಿಸಿಕೊಂಡು ವಾಯಿದೆ ಬರೆದುಕೊಂಡರೆ ಮಧ್ಯಾಹ್ನಕ್ಕೆ ಪಾಂಡವಪುರ. ವಾರದಲ್ಲಿ ಒಂದು ದಿನ ಚಿನಕುರಳಿ ಹಾದು ಕೆ.ಆರ್. ಪೇಟೆ, ಇನ್ನೊಂದು ದಿನ ಜಕ್ಕನಹಳ್ಳಿ ಹಾದು ನಾಗಮಂಗಲ. ಮೂವತ್ತು ವರ್ಷದಿಂದ ನನ್ನ ವಕೀಲಿಕೆ ಈ ನಾಲ್ಕು ಊರುಗಳ ನಡುವೆಯೇ ಸುತ್ತುತ್ತಿದೆ. ಅದರಲ್ಲೂ ಕ್ರಿಮಿನಲ್ ಕಡೆ, ಅದರಲ್ಲೂ ಆರೋಪಿಯ ಪರ. "ಕೊಲೆ ಮಾಡ್ದೋರ ಪರ ನಿಂತ್ಕತೀರಲ್ಲ, ರಾತ್ರಿ ನಿದ್ದೆ ಬತ್ತದಾ?" ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಹೋಳಿಗೆ ಇದ್ದರೆ ಉತ್ತರ ಕೊಡುವ ಕಷ್ಟ ತಪ್ಪುತ್ತದೆ.

2020ರಲ್ಲಿ ಕೊರೊನಾ ಬಂದು ಕೋರ್ಟು ಮುಚ್ಚಿದಾಗ ನನ್ನ ಜೂನಿಯರ್ ಹುಡುಗ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಕಪ್ಪು ಬಿಳುಪು ಸಿನಿಮಾ ಹಾಕಿಕೊಟ್ಟ. ಆಟೋ ಪ್ರೆಮಿಂಜರ್ 1959ರಲ್ಲಿ ತೆಗೆದ 'ಅನಾಟಮಿ ಆಫ್ ಎ ಮರ್ಡರ್'. 160 ನಿಮಿಷದ ಚಿತ್ರ. ಊರು ಅಮೆರಿಕದ ಮಿಶಿಗನ್ ರಾಜ್ಯದ ಬಡಗಣ ತುದಿಯ ಗಣಿ ಸೀಮೆ. ವಕೀಲ ಪಾಲ್ ಬೀಗ್ಲರ್ (ಜೇಮ್ಸ್ ಸ್ಟುವರ್ಟ್ ಮಾಡಿದ ಪಾತ್ರ) ಒಂದು ಕಾಲಕ್ಕೆ ಸರ್ಕಾರಿ ವಕೀಲನಾಗಿದ್ದವನು, ಚುನಾವಣೆಯಲ್ಲಿ ಸೋತು ಈಗ ಆಫೀಸಿಗಿಂತ ಹೊಳೆ ದಂಡೆಯಲ್ಲೇ ಹೆಚ್ಚು. ಫ್ರಿಜ್ಜಿನ ತುಂಬ ಮೀನು, ಆಫೀಸಿನ ಹೆಂಗಸಿಗೆ ಸಂಬಳ ಬಾಕಿ. ಕಾವೇರಿಗೆ ಗಾಳ ಹಾಕಿ ಕೂರುತ್ತಿದ್ದ ನಮ್ಮ ವಕೀಲರ ಸಂಘದ ಹಿರಿಯರೊಬ್ಬರು ಆಗಲೇ ನೆನಪಾದರು. ಸೈನ್ಯದ ಲೆಫ್ಟಿನೆಂಟ್ ಒಬ್ಬ ಬಾರ್ ಮಾಲೀಕನನ್ನು ಗುಂಡಿಟ್ಟು ಕೊಂದಿದ್ದಾನೆ. ತನ್ನ ಹೆಂಡತಿಯ ಮೇಲೆ ಅವನು ಅತ್ಯಾಚಾರ ಮಾಡಿದ ಎನ್ನುತ್ತಾನೆ. ಬೀಗ್ಲರ್ ಅವನ ಪರ.

ಕಥೆ ಬರೆದವರು ಜಾನ್ ವೋಲ್ಕರ್. ಅದೇ ಜಿಲ್ಲೆಯಲ್ಲಿ ಸರ್ಕಾರಿ ವಕೀಲರಾಗಿದ್ದು, 1952ರಲ್ಲಿ ಇಂಥದೇ ಕೊಲೆ ಕೇಸಿನಲ್ಲಿ ಆರೋಪಿಯ ಪರ ನಿಂತು ಗೆದ್ದವರು. ರಾಬರ್ಟ್ ಟ್ರೇವರ್ ಎಂಬ ಹೆಸರಿನಲ್ಲಿ 1958ರಲ್ಲಿ ಕಾದಂಬರಿ ಹೊರತಂದಾಗ ಅವರು ಮಿಶಿಗನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಚಿತ್ರೀಕರಣ ಆ ಊರುಗಳಲ್ಲೇ, ನಿಜವಾದ ಕೋರ್ಟ್ ಹಾಲಿನಲ್ಲೇ ನಡೆಯಿತು. ಜಡ್ಜ್ ಪಾತ್ರ ಮಾಡಿದವರೂ ವಕೀಲರೇ. 1954ರಲ್ಲಿ ಟೀವಿ ಕ್ಯಾಮೆರಾಗಳ ಮುಂದೆ ಸೆನೆಟರ್ ಮೆಕಾರ್ಥಿಯ ಬಾಯಿ ಕಟ್ಟಿಸಿದ ಜೋಸೆಫ್ ವೆಲ್ಚ್.

ನನ್ನನ್ನು ಹಿಡಿದು ಕೂರಿಸಿದ್ದು ಇವೆಲ್ಲ ಅಲ್ಲ. ಇಡೀ ಸಿನಿಮಾದಲ್ಲಿ ಕೊಲೆಯನ್ನು ಒಮ್ಮೆಯೂ ತೋರಿಸುವುದಿಲ್ಲ. ಆ ರಾತ್ರಿ ಏನಾಯಿತೆಂದು ನೋಡುವವನಿಗೂ ಗೊತ್ತಾಗುವುದಿಲ್ಲ, ವಕೀಲನಿಗೂ ಗೊತ್ತಾಗುವುದಿಲ್ಲ. ನಮ್ಮ ಕಸುಬು ಇರುವುದೇ ಹಾಗೆ. ಇದುವರೆಗೆ ಯಾವ ಸಿನಿಮಾದವರೂ ಅದನ್ನು ನನಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಆ ಮೇಲೆ ಜೂನಿಯರಿಗೆ ಆಗಾಗ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಕಕ್ಷಿದಾರ ಬರುವ ಮೊದಲೇ ಕೋರ್ಟು ನೋಡಿರುತ್ತಾನೆ, ಟೀವಿಯಲ್ಲಿ.

ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ವಕೀಲ ಸಿ.ಎಸ್.ಪಿ. ಬರುತ್ತಿದ್ದ ಕಾಲದಲ್ಲಿ ನನ್ನ ಕಷ್ಟ ಯಾರಿಗೂ ಬೇಡ. "ಸಿ.ಎಸ್.ಪಿ. ತರ ಕೇಳಿ ಸ್ವಾಮಿ" ಎಂದು ನಾಗಮಂಗಲದ ಕಡೆಯ ಹೆಂಗಸೊಬ್ಬಳು ಫೀಸಿನ ಜೊತೆಗೇ ಸಲಹೆಯನ್ನೂ ಕೊಟ್ಟಿದ್ದಳು. ಅದಕ್ಕೂ ಹಿಂದೆ 1989ರ 'ಯುದ್ಧಕಾಂಡ'ದ ರವಿಚಂದ್ರನ್. ಅದರ ಮೂಲವಾದ ಹಿಂದಿಯ 'ಮೇರಿ ಜಂಗ್'ನಲ್ಲಿ ವಕೀಲ ಕೋರ್ಟಿನಲ್ಲೇ ಔಷಧದ ಸೀಸೆ ಎತ್ತಿ ಗಟಗಟನೆ ಕುಡಿದುಬಿಡುತ್ತಾನೆ. ನಾನು ಇಲ್ಲಿ ಮುದ್ದೆಮಾಲಿನ ಚೀಲದ ಅರಗಿನ ಸೀಲು ಮುಟ್ಟಿದರೂ ಬೆಂಚ್ ಕ್ಲರ್ಕ್ ಎದ್ದು ನಿಲ್ಲುತ್ತಾರೆ. ಹಾಗಾಗಿ ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಹೇಳಿಬಿಡು: ಇಲ್ಲಿ ಕೂಗಾಟ ಇಲ್ಲ, ಹೆಚ್ಚಿನ ದಿನ ಏನೂ ನಡೆಯುವುದಿಲ್ಲ, ನಿನ್ನ ಹೆಸರು ಕೂಗಿದಾಗ ಟವೆಲ್ ಕೊಡವಿ ಒಳಗೆ ಬಂದು ನಿಲ್ಲುವುದೇ ದೊಡ್ಡ ಕೆಲಸ.

2. ಕಥೆಯನ್ನು ಅವನ ಬಾಯಿಗಿಡಬೇಡ.

ಬೀಗ್ಲರ್ ಜೈಲಿನಲ್ಲಿ ಲೆಫ್ಟಿನೆಂಟನನ್ನು ಕಾಣುವ ದೃಶ್ಯವನ್ನು ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ವಕೀಲ "ಏನಾಯ್ತು?" ಎಂದು ಕೇಳುವ ಮೊದಲು ಕಾನೂನು ಹೇಳುತ್ತಾನೆ. ಕೊಲೆ ಆರೋಪದಿಂದ ಪಾರಾಗಲು ಇರುವ ದಾರಿಗಳು ಇವಿಷ್ಟು, ಇದು ನಿನಗೆ ಹೊಂದುವುದಿಲ್ಲ, ಅದೂ ಹೊಂದುವುದಿಲ್ಲ ಎಂದು ಒಂದೊಂದೇ ಬಾಗಿಲು ಮುಚ್ಚುತ್ತಾ ಬರುತ್ತಾನೆ. ಲೆಫ್ಟಿನೆಂಟ್ ಮಂಕನಲ್ಲ, ತೆರೆದಿರುವ ಬಾಗಿಲನ್ನು ತಾನೇ ಹುಡುಕಿಕೊಳ್ಳುತ್ತಾನೆ: ಆ ಹೊತ್ತಿನಲ್ಲಿ ನನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ವಕೀಲ ಏನನ್ನೂ ಹೇಳಿಕೊಡಲಿಲ್ಲ, ಆದರೂ ಎಲ್ಲವನ್ನೂ ಹೇಳಿಕೊಟ್ಟ.

ಕ್ರಿಮಿನಲ್ ಕಡೆ ಕೆಲಸ ಮಾಡಿದ ಯಾರಾದರೂ ಈ ದೃಶ್ಯ ನೋಡಿ ನಿರಾಳವಾಗಿ ಕೂತಿದ್ದರೆ ನನಗೆ ಅನುಮಾನ. ಗೆರೆ ಬಹಳ ಸಣ್ಣದು. ನಮ್ಮ ಸೀನಿಯರ್ ಇದಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೊದಲ ದಿನ ಕಕ್ಷಿದಾರನಿಗೆ ಮಾತಾಡಲು ಬಿಡುವುದು, ಕಾನೂನಿನ ಒಂದು ಅಕ್ಷರ ಹೇಳದೆ ಕೇಳುವುದು, ಕಾಫಿ ತರಿಸುವುದು. "ನೀನ್ ಮಾಡಿದ್ಯಾ?" ಎಂದು ಅವರು ಯಾರನ್ನೂ ಕೇಳಿದ್ದನ್ನು ನಾನು ಕಾಣೆ. ಹೆಂಡತಿ ಮಕ್ಕಳು, ಬಾವಿ, ಬದು, ಭಾಗದ ಗಲಾಟೆ ಇವನ್ನೇ ಕೇಳುತ್ತಿದ್ದರು. ಚಾರ್ಜ್‌ಶೀಟಿನ ನಕಲು ಕೈಗೆ ಬಂದ ಮೇಲೆ ಮುಂದಿನ ಮಾತು.

ಅಂದಹಾಗೆ, ಲೆಫ್ಟಿನೆಂಟನಿಗೆ ಸಿಕ್ಕ ಬಾಗಿಲು ನಮ್ಮಲ್ಲಿ ಇಲ್ಲ. ತಡೆಯಲಾಗದ ಆವೇಶ ಬಂತು ಎಂಬ ವಾದಕ್ಕೆ ಆಧಾರವಾಗಿ ಬೀಗ್ಲರ್ ಮತ್ತು ಅವನ ಕುಡುಕ ಗೆಳೆಯ ಹಳೇ ಪುಸ್ತಕಗಳನ್ನು ಜಾಲಾಡಿ 1886ರ ಮಿಶಿಗನ್ ತೀರ್ಪೊಂದನ್ನು ಹುಡುಕಿ ತೆಗೆಯುತ್ತಾರೆ. ನಮ್ಮ ದಂಡ ಸಂಹಿತೆಯ 84ನೇ ಕಲಂ, ಈಗ ನ್ಯಾಯ ಸಂಹಿತೆಯ 22, ಕೇಳುವುದು ಬೇರೆ: ಮಾಡುತ್ತಿರುವುದು ಏನು, ಅದು ತಪ್ಪು ಎಂದು ತಿಳಿಯಲಾರದಷ್ಟು ಬುದ್ಧಿ ಕೆಟ್ಟಿತ್ತೇ? ಕೈ ತಡೆಯಲಾಗಲಿಲ್ಲ ಎಂದರೆ ಸಾಲದು.

3. ಜಾಗ ನೋಡದೆ ಪಾಟಿ ಸವಾಲಿಗೆ ಏಳಬೇಡ.

ನೀರಿರುವ ಕಡೆ ನೀರಿನ ಜಗಳ, ನೀರಿಲ್ಲದ ಕಡೆ ಬದುವಿನ ಜಗಳ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕೊಲೆ ಕೇಸುಗಳಲ್ಲಿ ಎಲ್ಲೋ ಒಂದು ತೂಬು ಇದ್ದೇ ಇರುತ್ತದೆ. ನಾಗಮಂಗಲದ ಒಣ ಸೀಮೆಯಲ್ಲಿ ತೆಂಗಿನ ಮರ ಯಾರ ಕಡೆಗೆ ಬಾಗಿದೆ ಎನ್ನುವುದೇ ಸಾಕು.

ಒಂದು ಕೇಸು ಹೇಳುತ್ತೇನೆ, ಊರು ಬೇಡ. ನೀರಿನ ಸರದಿಗೆ ಹೊಡೆದಾಟವಾಗಿ ಒಬ್ಬ ಸತ್ತಿದ್ದ. ನವೆಂಬರ್ ತಿಂಗಳು, ದೀಪ ಹಚ್ಚುವ ಹೊತ್ತು. ಪ್ರತ್ಯಕ್ಷ ಸಾಕ್ಷಿ ಒಬ್ಬನೇ. ನಾಲೆ ಏರಿಯ ತೂಬಿನ ಹತ್ತಿರ ನಿಂತಿದ್ದೆ, ಅರವತ್ತು ಮಾರು ದೂರದಲ್ಲಿ ಗದ್ದೆ ಬದುವಿನ ಮೇಲೆ ಮಚ್ಚು ಎತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ಅವನ ಹೇಳಿಕೆ. ಇಂಜಿನಿಯರು ಬರೆದ ನಕ್ಷೆಯಲ್ಲಿ ತೂಬಿನಿಂದ ಬದುವಿಗೆ ನೇರ ಗೆರೆ, ನಡುವೆ ಏನೂ ಇಲ್ಲ. ನಕ್ಷೆ ನೋಡಿದರೆ ಸಾಕ್ಷಿ ಸುಳ್ಳು ಹೇಳುವ ಪ್ರಶ್ನೆಯೇ ಇಲ್ಲ.

ಭಾನುವಾರ ಸ್ಕೂಟರ್ ಹಾಕಿಕೊಂಡು ಹೋದೆ. ಏರಿ ಮೇಲೆ ನಿಂತರೆ ಎದುರಿಗೆ ಕಬ್ಬು. ಆಳೆತ್ತರ ಮೀರಿ ಇನ್ನೂ ಎರಡಡಿ ಮೇಲಕ್ಕೆ. ಬದು ಬಿಡು, ಪಕ್ಕದ ಗದ್ದೆಯ ಪಂಪ್‌ಸೆಟ್ ಮನೆಯ ತಲೆಯೂ ಕಾಣದು. ನೀರುಗಂಟಿಯೊಬ್ಬ ಬೀಡಿ ಹಚ್ಚುತ್ತಾ ಕೂತಿದ್ದ. "ಕೊಲೆ ಆದ್ ವರ್ಸ್ವೂ ಕಬ್ಬೇ ಇತ್ತಾ?" ಎಂದೆ. "ಅದೇ ಕೂಳೆ ಸ್ವಾಮಿ ಇದು" ಎಂದ. ಮತ್ತೆ ನಕ್ಷೆ ತೆಗೆದು ತಾರೀಕು ನೋಡಿದೆ: ಫೆಬ್ರವರಿ. ಇಂಜಿನಿಯರು ಬಂದದ್ದು ಕಟಾವಾದ ಮೇಲೆ. ಅವರು ಕಂಡದ್ದನ್ನೇ ಬರೆದಿದ್ದರು, ಸುಳ್ಳೇನೂ ಬರೆದಿರಲಿಲ್ಲ. ಆ ಗದ್ದೆಯವನ ಮನೆಯಲ್ಲಿ ಕಾರ್ಖಾನೆಯ ತೂಕದ ಚೀಟಿ ದೇವರ ಫೋಟೋ ಹಿಂದೆ ಸಿಕ್ಕಿಸಿತ್ತು. ಜನವರಿ ಕಡೇ ವಾರದ್ದು.

ಕೋರ್ಟಿನಲ್ಲಿ ನಾನು ಸಾಕ್ಷಿಯನ್ನು ಕೇಳಿದ್ದು ಎಂಟೋ ಹತ್ತೋ ಪ್ರಶ್ನೆ. ಎಲ್ಲ ಬೇಸಾಯದ್ದು. ಯಾವಾಗ ನಾಟಿ, ಯಾವಾಗ ಮುರಿ ಕಟ್ಟಿದ್ದು, ಯಾವಾಗ ಕಟಾವು. ಅವನು ಒಳ್ಳೇ ರೈತ, ಹೆಮ್ಮೆಯಿಂದ ಹೇಳಿದ. "ಹಾಗಾದರೆ ನಿನಗೆ ಕಂಡಿದ್ದು ಹೇಗೆ?" ಎಂದು ಮಾತ್ರ ಕೇಳಲಿಲ್ಲ. ಅದನ್ನು ವಾದದ ದಿನಕ್ಕೆ ಇಟ್ಟುಕೊಂಡೆ, ತೂಕದ ಚೀಟಿಯ ಜೊತೆ. ಸಂಶಯದ ಲಾಭ ಕೊಟ್ಟು ಬಿಡುಗಡೆಯಾಯಿತು.

4. ಬೆಳದಿಂಗಳಿಗೆ ಒಂಟಿಕೊಪ್ಪಲ್ ಪಂಚಾಂಗ.

1858ರಲ್ಲಿ ಅಬ್ರಹಾಂ ಲಿಂಕನ್ ಕೊಲೆ ಕೇಸೊಂದರಲ್ಲಿ, ಬೆಳದಿಂಗಳಲ್ಲಿ ಕಂಡೆ ಎಂದ ಸಾಕ್ಷಿಯ ಮುಂದೆ ಕೊಲೆಯಾದ ವರ್ಷದ ಪಂಚಾಂಗ ಹಿಡಿದು, ಆಗ ಚಂದ್ರ ಮುಳುಗುವ ಹೊತ್ತು ಎಂದು ತೋರಿಸಿದರು. ಜಾನ್ ಫೋರ್ಡ್ 1939ರಲ್ಲಿ ಇದನ್ನೇ ಸಿನಿಮಾ ಮಾಡಿದ. ನಮಗೆ ಅಷ್ಟು ದೂರ ಹೋಗುವುದು ಬೇಡ. ಆಫೀಸಿನ ಮೊಳೆಗೆ ಹಳೇ ಪಂಚಾಂಗಗಳನ್ನು ದಾರ ಕಟ್ಟಿ ತೂಗುಹಾಕಿದ್ದೇನೆ. ಕೃಷ್ಣಪಕ್ಷದ ಅಷ್ಟಮಿಯ ರಾತ್ರಿ ಒಂಬತ್ತಕ್ಕೆ ಬೆಳದಿಂಗಳಲ್ಲಿ ಕಂಡೆ ಎನ್ನುವವನಿಗೆ ಚಂದ್ರ ಹುಟ್ಟುವುದೇ ಸರಿರಾತ್ರಿಗೆ ಎಂದು ನೆನಪಿಸಬಹುದು. ಬೀದಿದೀಪದ ಬೆಳಕು ಎಂದಿದ್ದರೆ ಆ ರಾತ್ರಿ ಕರೆಂಟ್ ಇತ್ತೇ ಎಂಬ ಪತ್ರ ಫೈಲಿನಲ್ಲಿದೆಯೇ ನೋಡು.

5. ಸಾಕ್ಷಿ ಆಡಿದ್ದು ಬೇರೆ, ಟೈಪಾದದ್ದು ಬೇರೆ.

ಸಿನಿಮಾದಲ್ಲಿ ಹೆಂಗಸಿನ ಒಳ ಉಡುಪೊಂದಕ್ಕೆ ಕೋರ್ಟಿನಲ್ಲಿ ಯಾವ ಪದ ಬಳಸಬೇಕು ಎಂದು ಜಡ್ಜ್ ಎರಡೂ ಕಡೆಯ ವಕೀಲರನ್ನು ಹತ್ತಿರ ಕರೆದು ಚರ್ಚಿಸುತ್ತಾರೆ. ಆ ಕಾಲಕ್ಕೆ ಚಿತ್ರದ ಭಾಷೆಯ ಗಲಾಟೆ ಶಿಕಾಗೋದಲ್ಲಿ ಚಿತ್ರಪ್ರದರ್ಶನವನ್ನೇ ತಡೆಯುವ ಮಟ್ಟಕ್ಕೆ ಹೋಯಿತು. ನನಗೆ ಆ ಚರ್ಚೆ ತಮಾಷೆ ಎನಿಸಲಿಲ್ಲ. ಒಂದು ಪದಕ್ಕೆ ಇಷ್ಟು ಹೊತ್ತು ಕೊಡುವ ಕೋರ್ಟು ಎಂದು ಹೊಟ್ಟೆಕಿಚ್ಚಾಯಿತು.

ನಮ್ಮ ಸಾಕ್ಷಿ "ಒಸಿ ಮಬ್ಬಿತ್ತು ಬುದ್ದಿ" ಎನ್ನುತ್ತಾನೆ. ಕೋರ್ಟಿನ ಕಂಪ್ಯೂಟರ್ ಪರದೆಯ ಮೇಲೆ "ಆಗ ಕತ್ತಲಿತ್ತು" ಎಂದು ಬೀಳುತ್ತದೆ, ಇಲ್ಲವೇ "ಸ್ವಲ್ಪ ಬೆಳಕಿತ್ತು" ಎಂದು. ಎರಡರ ನಡುವೆ ಒಬ್ಬನ ಆಯುಸ್ಸು ಇರುತ್ತದೆ. ಹೊತ್ತನ್ನು ಅವನು ಗಂಟೆಯಲ್ಲಿ ಹೇಳುವುದಿಲ್ಲ. ಕೋಳಿ ಕೂಗೋ ಹೊತ್ತು, ದನ ಬರೋ ಹೊತ್ತು, ಉಣ್ಣೋ ಹೊತ್ತು. ಅಳತೆ ಮಾರಿನಲ್ಲಿ, ಕೂಗಳತೆಯಲ್ಲಿ. ಅವನ ಮಾತೇ ಹಾಗೇ ಬರಲಿ ಎಂದು ಎದ್ದು ಕೇಳಿಕೋ. ಜಡ್ಜ್ ಸಾಹೇಬರಿಗೆ ಬೇಸರವಾದರೂ ಆಗಲಿ. ಆಮೇಲೆ ನಮ್ಮ ಪಾಟಿ ಸವಾಲಿನ ವಿಚಿತ್ರ ಕನ್ನಡ: "ನಾನು ಆ ದಿನ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ." ನಾನು ಕೇಳಿದ್ದೂ ಅವನು ಹೇಳಿದ್ದೂ ಒಂದೇ ವಾಕ್ಯದಲ್ಲಿ, ಅವನ ಬಾಯಲ್ಲೇ. ಹೊಸಬರಿಗೆ ಇದನ್ನು ಓದಲು ವರ್ಷ ಬೇಕು.

6. ಒಂದು ಪ್ರಶ್ನೆ ಹೆಚ್ಚಾಯಿತು.

ಸಿನಿಮಾದ ಕೊನೆಗೆ ಸತ್ತವನ ಹೋಟೆಲ್ಲು ನೋಡಿಕೊಳ್ಳುತ್ತಿದ್ದ ಹುಡುಗಿ ಆರೋಪಿಯ ಪರವಾಗಿ ಸಾಕ್ಷಿ ಹೇಳಲು ಬರುತ್ತಾಳೆ. ರಾಜಧಾನಿಯಿಂದ ಬಂದ ಸರ್ಕಾರಿ ವಕೀಲ ಡ್ಯಾನ್ಸರ್ (ಜಾರ್ಜ್ ಸಿ. ಸ್ಕಾಟ್) ಮಹಾ ಚುರುಕು. ಇವಳು ಸತ್ತವನ ಪ್ರೇಯಸಿ, ಅವನ ಮೇಲಿನ ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದಾಳೆ ಎಂದು ತೋರಿಸಲು ಮೇಲಿಂದ ಮೇಲೆ ಕೇಳುತ್ತಾನೆ. ಅವಳು ಸತ್ತವನ ಮಗಳು ಎಂಬ ಉತ್ತರ ಬರುತ್ತದೆ. ಇಡೀ ಕೇಸು ಅಲ್ಲಿಗೆ ಮಗುಚಿತು.

ಡ್ಯಾನ್ಸರ್ ಮುಖ ನೋಡಿ ನಾನು ನಗಲಿಲ್ಲ. ವಕೀಲಿಕೆಗೆ ಬಂದ ಏಳನೇ ವರ್ಷ ನಾನೂ ಆ ಮುಖ ಹೊತ್ತು ಕೋರ್ಟಿನಿಂದ ಹೊರಗೆ ಬಂದಿದ್ದೆ.

ಮಚ್ಚಿನಿಂದ ಕಡಿದ ಕೇಸು. ಕಡಿಸಿಕೊಂಡವನು ಬದುಕಿದ್ದ, ಆದರೆ ಹಿಂದಿನಿಂದ ಬಿದ್ದ ಏಟು, ಯಾರೆಂದು ನೋಡಿರಲಿಲ್ಲ. ನೋಡಿದೆ ಎನ್ನುವವಳು ಎದುರು ಮನೆಯ ಅಜ್ಜಿ, ಎಪ್ಪತ್ತು ದಾಟಿದವಳು. ಪಾಟಿ ಸವಾಲು ನನ್ನ ಕೈಯಲ್ಲಿ ಬೆಣ್ಣೆಯಂತೆ ಜಾರುತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತೇ? ಬಂದಿತ್ತು. ಆಪರೇಷನ್ ಆದದ್ದು ಗಲಾಟೆ ಆದ ಮೇಲೆಯೇ? ಹೌದು. ದೀಪ ಇತ್ತೇ? ಇರಲಿಲ್ಲ. ಅವನ ಮುಖ ಕಂಡಿತೇ? "ಇಲ್ಲ ಕನಪ್ಪ, ಮೊಕ ಕಾಣ್ನಿಲ್ಲ." ಕೂತುಬಿಡಬೇಕಿತ್ತು. ಹಿಂದಿನ ಸಾಲಿನಲ್ಲಿ ಸೀನಿಯರ್ ಕೆಮ್ಮಿದರು, ಅದು ಕೂರು ಎಂಬ ಕೆಮ್ಮು. ನನಗೆ ಗೆಲುವಿನ ಅಮಲು. "ಮತ್ತೆ, ಮುಖ ಕಾಣದೆ ಇವನೇ ಎಂದು ಹೇಗೆ ಹೇಳ್ತೀಯಾ ಅಜ್ಜಿ?" ಎಂದೆ.

ಅಜ್ಜಿ ಕಟಕಟೆಯ ಕಂಬಿ ಹಿಡಿದುಕೊಂಡು ಆರೋಪಿಯ ಕಡೆ ತಿರುಗಿದಳು. "ಅವ್ರವ್ವ ಎತ್ತು ಸತ್ತೋದ್ಲು. ಅವ್ನು ನನ್ನೆದೆ ಹಾಲ್ ಕುಡ್ದ್ ಬೆಳ್ದೋನು ಕನಪ್ಪ. ನಡ್ಗೆ ನೋಡುದ್ರೆ ಗೊತ್ತಾಗಕಿಲ್ವಾ?"

ಕೋರ್ಟಿನಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ನನ್ನ ಕಕ್ಷಿದಾರ ತಲೆ ತಗ್ಗಿಸಿ ಅಳುತ್ತಿದ್ದ. ಏಳು ವರ್ಷ ಶಿಕ್ಷೆಯಾಯಿತು. ತೀರ್ಪಿನಲ್ಲಿ ಆ ಉತ್ತರವನ್ನು ಪೂರ್ತಿ ಎತ್ತಿ ಬರೆದಿದ್ದರು. ಅದನ್ನು ಹೊರಗೆ ತಂದವನು ನಾನು, ಸರ್ಕಾರಿ ವಕೀಲರಲ್ಲ. ಆ ಸಂಜೆ ಸೀನಿಯರ್ ಬೈಯಲಿಲ್ಲ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕೊಡಿಸಿ ಮಳೆಯ ವಿಷಯ ಮಾತಾಡಿದರು. ಬೈದಿದ್ದರೆ ಮರೆತಿರುತ್ತಿದ್ದೆನೇನೋ.

7. ಎಲ್ಲರೂ ಒಂದೇ ಕನ್ನಡದಲ್ಲಿ ತಪ್ಪೊಪ್ಪಿಕೊಂಡರೆ ಎಚ್ಚರ.

"ನನ್ನನ್ನು ಕರೆದುಕೊಂಡು ಹೋದಲ್ಲಿ ಮಚ್ಚನ್ನು ಬಿಸಾಡಿದ ಜಾಗವನ್ನು ತೋರಿಸಿ ಹಾಜರುಪಡಿಸುತ್ತೇನೆ." ಈ ವಾಕ್ಯವನ್ನು ನಾಲ್ಕು ತಾಲ್ಲೂಕಿನ ಎಷ್ಟು ಫೈಲುಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ "ವೋಯ್ತೀನಿ, ಬತ್ತೀನಿ" ಎನ್ನುವವನು ಠಾಣೆಯೊಳಗೆ ಪಂಡಿತನಾಗಿಬಿಡುತ್ತಾನೆ. ಇದರಲ್ಲಿ ವಸ್ತು ಸಿಕ್ಕಿದ್ದಕ್ಕೆ ಕಾರಣವಾದ ತುಂಡು ಮಾತ್ರ ಸಾಕ್ಷ್ಯ ಎಂದು 1946ರಲ್ಲೇ ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಇದಕ್ಕೆ ಆಧಾರವಾದ ಹಳೇ ಸಾಕ್ಷ್ಯ ಕಾಯಿದೆಯ 27ನೇ ಕಲಂ ಹೊಸ ಸಾಕ್ಷ್ಯ ಅಧಿನಿಯಮದ 23ರ ಬಾಲವಾಗಿದೆ. ನಂಬರ್ ಬದಲಾದರೂ ಜನ ಈಗಲೂ ಕೊಲೆಗೆ "ತ್ರೀ ನಾಟ್ ಟೂ ಕೇಸು" ಎಂದೇ ಬರುತ್ತಾರೆ, 103 ಎಂದರೆ ಬಸ್ ನಂಬರ್ ಎಂದುಕೊಳ್ಳುತ್ತಾರೆ.

8. ನಮ್ಮಲ್ಲಿ ಹನ್ನೆರಡು ಮಂದಿ ಇಲ್ಲ.

ಸಿನಿಮಾದ ಜಡ್ಜ್ ಹನ್ನೆರಡು ಮಂದಿಯ ಜ್ಯೂರಿಗೆ, ಈ ಮಾತನ್ನು ಕೇಳದಂತೆ ಬಿಟ್ಟುಬಿಡಿ ಎನ್ನುತ್ತಾರೆ. ಕೇಳಿದ್ದನ್ನು ಬಿಡುವುದು ಹೇಗೆ ಎಂದು ಲೆಫ್ಟಿನೆಂಟ್ ಪಿಸುಗುಟ್ಟುತ್ತಾನೆ. ಬಿಡಲಾಗದು ಎಂದು ಬೀಗ್ಲರ್ ಒಪ್ಪಿಕೊಳ್ಳುತ್ತಾನೆ. ಅವನ ಅರ್ಧ ಆಟವೇ ಅದು.

ಈ ಸಿನಿಮಾ ತೆರೆಗೆ ಬಂದ 1959ರಲ್ಲೇ, ಏಪ್ರಿಲ್ 27ರಂದು, ಮುಂಬಯಿಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ. ಅಲ್ಲೊಬ್ಬ ಲೆಫ್ಟಿನೆಂಟ್, ಇಲ್ಲೊಬ್ಬ ಕಮಾಂಡರ್. ಜ್ಯೂರಿಯ 9 ಮಂದಿಯಲ್ಲಿ 8 ಮಂದಿ ನಿರ್ದೋಷಿ ಎಂದರು. ಸೆಷನ್ಸ್ ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೆಂಡತಿಯ ಬಾಯಿಂದ ವಿಷಯ ಕೇಳಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಮೂರು ಗಂಟೆ ಇತ್ತು. ಹಠಾತ್ ಪ್ರಚೋದನೆ ಎನ್ನಲು ಅದು ತೀರಾ ಹೆಚ್ಚು. ಜ್ಯೂರಿ ಪದ್ಧತಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಪೂರ್ತಿ ಹೋಯಿತು. ಹಾಗಾಗಿ ನಮ್ಮ ತಾಲ್ಲೂಕಿನಲ್ಲಿ ಕಣ್ಣೀರು ಹಾಕಿಸುವ ಭಾಷಣ ದಂಡ. ಕೂತಿರುವವರು ಒಬ್ಬರೇ, ಅವರ ಮುಂದೆ ಇನ್ನೂ ಅರವತ್ತು ಫೈಲು. ಅವರಿಗೆ ಬೇಕಾದ್ದು ಪುಟದ ನಂಬರ್. ನೇರ ಸಾಕ್ಷಿ ಇಲ್ಲದ ಕೇಸಾದರೆ 1984ರ ಶರದ್ ಸಾರ್ದಾ ತೀರ್ಪಿನ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಕೋ. ಮಾಡಿರಬಹುದು ಎನ್ನುವುದಕ್ಕೂ ಮಾಡಿಯೇ ಇದ್ದಾನೆ ಎನ್ನುವುದಕ್ಕೂ ಇರುವ ದೂರವನ್ನು ಅದರಷ್ಟು ಚೆನ್ನಾಗಿ ಹೇಳಿದ್ದು ಬೇರೆ ಇಲ್ಲ.

9. "ಸುಳ್ಳು" ಎಂದು ಹೇಳಿಕೊಡುವಾಗ ಜೋಪಾನ.

ಆರೋಪಿಯ 313ರ ಹೇಳಿಕೆಯ ದಿನ (ಈಗ 351) ಎಲ್ಲಕ್ಕೂ ಸುಳ್ಳು ಅನ್ನು ಎಂದು ಹೇಳಿ ಕಳಿಸಿದರೆ, ಜಡ್ಜ್ ಮೊದಲು ಕೇಳುವುದು ಹೆಸರು, ಅಪ್ಪನ ಹೆಸರು. "ಸುಳ್ಳು ಬುದ್ದಿ" ಎಂದವನನ್ನು ನಾನು ಕಂಡಿದ್ದೇನೆ. ಎಲ್ಲ ಬಾರುಗಳಲ್ಲೂ ಓಡಾಡುವ ಜೋಕು ಇದು, ಆದರೆ ಅಂದು ಬೆವತದ್ದು ನಾನು.

10. ಫೀಸಿನ ವಿಷಯ.

ಬಿಡುಗಡೆಯಾದ ಮರುದಿನ ಬೀಗ್ಲರ್ ಸಾಲಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಹೋದರೆ ಲೆಫ್ಟಿನೆಂಟ್ ಗಾಡಿ ಸಮೇತ ಮಾಯ. ತಡೆಯಲಾಗದ ಆವೇಶ ಬಂದು ಹೊರಟೆ ಎಂದು ಚೀಟಿ ಬರೆದಿಟ್ಟಿದ್ದಾನೆ. ವಕೀಲ ಕಟ್ಟಿದ ವಾದವನ್ನೇ ವಕೀಲನ ಫೀಸಿಗೆ ತಿರುಗಿಸಿದ. ನಮ್ಮವರು ಅಷ್ಟು ದೂರ ಹೋಗುವುದಿಲ್ಲ. "ಕಬ್ಬಿನ ಬಿಲ್ ಬಂದೇಟ್ಗೆ ಕೊಡ್ತೀನಿ ಸ್ವಾಮಿ" ಎನ್ನುತ್ತಾರೆ. ಬಿಲ್ ಬರುವುದು ತಡ, ಕೊಡುವುದು ಇನ್ನೂ ತಡ, ಆದರೆ ಸಂಕ್ರಾಂತಿ ಹೊತ್ತಿಗೆ ಆಲೆಮನೆಯ ಬೆಲ್ಲದ ಅಚ್ಚು ಮಾತ್ರ ತಪ್ಪದೆ ಬರುತ್ತದೆ.

ಹೋದ ವರ್ಷ ಗಂಜಾಮಿನ ನಿಮಿಷಾಂಬ ದೇವಸ್ಥಾನದ ಮುಂದೆ ಆ ಕಬ್ಬಿನ ಗದ್ದೆ ಕೇಸಿನವನು ಸಿಕ್ಕಿದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಹೆಗಲ ಮೇಲೆ ಮೊಮ್ಮಗಳು. ಬೇಡ ಎಂದರೂ ಬಿಡದೆ ಕಬ್ಬಿನ ಹಾಲು ಕೊಡಿಸಿದ. ಗಾಣಕ್ಕೆ ಜಲ್ಲೆ ಕೊಡುವ ಹುಡುಗ ಶುಂಠಿ ಚೂರು ಸಿಕ್ಕಿಸಿ ಎರಡು ಸಲ ಹಿಂಡಿದ. ಅರ್ಧ ಲೋಟ ಕುಡಿದಾಗ ಅವನು ಗಂಟಲು ಸರಿಮಾಡಿಕೊಂಡು, "ಸ್ವಾಮಿ, ಬಾಳ ದಿನದಿಂದ ನಿಮ್ಗೊಂದ್ ಮಾತ್ ಯೇಳ್ಬೇಕು ಅಂತಿದ್ದೆ" ಎಂದ.

ಮೂವತ್ತು ವರ್ಷದ ಅಭ್ಯಾಸ. "ಮಗೀನ ಹೆಸ್ರೇನಪ್ಪಾ?" ಎಂದೆ.

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ ಹೆಸರು ಹೇಳಿದ.